ತೊಂಬತ್ತೈದರ ಕೆಳಗೆ

ಗುರುಬಸವನ ಕಷ್ಟಕ್ಕೆಲ್ಲ ಕಾರಣ ಇನ್ನೂರು ಗ್ರಾಂ. ಸೋಮವಾರ ಬೆಳಿಗ್ಗೆ ಅಂಗಿ, ಬನಿಯನ್, ಗಡಿಯಾರ, ಕನ್ನಡಕ ಎಲ್ಲ ಬಿಚ್ಚಿಟ್ಟು ನಿಂತರೂ ತೂಕದ ಯಂತ್ರ ತೊಂಬತ್ತೈದು ಪಾಯಿಂಟ್ ಎರಡು ಎಂದಿತು. ಕನ್ನಡಕವೂ ಬಿಚ್ಚಿದ್ದರಿಂದ ಅದನ್ನು ಓದಿ ಹೇಳಿದವಳು ಹೆಂಡತಿ ಯಂಕಮ್ಮ.

ತೊಂಬತ್ತೈದರ ಕೆಳಗೆ ಇಳಿದರೆ ಮಾತ್ರ ಮೊಣಕಾಲಿನ ಆಪರೇಷನ್ನಿಗೆ ದಿನ ಕೊಡುತ್ತೇನೆ ಎಂದು ಬೇಗಂಪೇಟೆಯ ಡಾಕ್ಟರು ಹೇಳಿದ್ದರು. ಇವತ್ತು ಸಂಜೆ ನಾಲ್ಕಕ್ಕೆ ತೂಕ; ತಪ್ಪಿದರೆ ಇನ್ನು ಮೂರು ತಿಂಗಳು. ಮಿಯಾಪುರದ ಅವರ ಅಪಾರ್ಟ್‌ಮೆಂಟಿನ ಲಿಫ್ಟು ಮನಸ್ಸು ಬಂದಾಗ ಮಾತ್ರ ನಡೆಯುತ್ತಿತ್ತು. ಗುರುಬಸವ ಮೂರನೆಯ ಮಹಡಿಗೆ ಹತ್ತುವ ಸದ್ದು ಕೇಳಿದವರು, ಯಾರೋ ಬೀರು ಸಾಗಿಸುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ಬಾಲಾನಗರದ ಕಾರ್ಖಾನೆಯ ಸ್ಟೋರಿನಲ್ಲಿ ಏಣಿ ಹತ್ತಲಾಗದೆ ಆರು ತಿಂಗಳಾಗಿತ್ತು. ಹಾಗಾಗಿ ಇವತ್ತು ದಿನ ಹಿಡಿದುಕೊಂಡೇ ಬರುವುದು ಎಂದು ಅವನು ಹಟ ತೊಟ್ಟಿದ್ದ.

ಐದು ತಿಂಗಳಿಂದ ಪ್ರತಿ ಭಾನುವಾರ ಹೊಟ್ಟೆಗೆ ತೂಕ ಇಳಿಸುವ ಇಂಜೆಕ್ಷನ್. ಚುಚ್ಚುವ ಮದ್ದಿನ ಪೆನ್ನು ಫ್ರಿಜ್ಜಿನ ಕೆಳಗಿನ ಹಲಗೆಯಲ್ಲಿ, ಪ್ರತಿ ಸಲ ಹೊಸ ಸೂಜಿ, ಊಟ ಸ್ವಲ್ಪ, ನೀರು ಜಾಸ್ತಿ ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದ. ನೂರಾ ಹನ್ನೊಂದರಿಂದ ಇಳಿದದ್ದು ಆ ಚೀಟಿಯ ಬಲದಿಂದಲೇ. ನಿನ್ನೆ ಡೋಸು ಒಂದು ಮೆಟ್ಟಿಲು ಏರಿತ್ತು. ಬೆಳಗಿನಿಂದ ಹೊಟ್ಟೆಯೊಳಗೆ ಯಾರೋ ದೋಣಿ ನಡೆಸುತ್ತಿದ್ದಂತಿತ್ತು.

ಎದುರುಮನೆಯ ಸಾಯಿಕುಮಾರ ಕರೆಯದೆ ಬಂದು ಕೂತ. "ಅಣ್ಣಾ, ಇನ್ನೂರು ಗ್ರಾಮಿಗೆ ಇಷ್ಟು ಚಿಂತಿನಾ? ಬರೋ ಭಾನುವಾರದ್ದೂ ಇವತ್ತೇ ಹೊಡ್ಕೊ."

"ವಾರಕ್ಕೊಂದು ಅಂದ್ರ ವಾರಕ್ಕೊಂದೇ."

"ಹಂಗಾದ್ರ ನನಗರೆ ಒಂದು ಹೊಡಿ. ತಂಗಿ ಮದುವಿಗೆ ಸೂಟ್ ಹೊಲಿಸೀನಿ, ಗುಂಡಿ ಹತ್ತವಲ್ದು."

"ನನ್ನ ಹಲ್ಲುಜ್ಜೋ ಬ್ರಷ್ ಕೇಳು, ಕೊಡ್ತೀನಿ. ಪೆನ್ ಕೊಡಂಗಿಲ್ಲ. ನಿಂದು ನೀ ಡಾಕ್ಟರ್ ಹತ್ರ ಹೋಗಿ ಬರಸ್ಕೊ."

ಸಾಯಿಕುಮಾರನನ್ನು ಗೆಲ್ಲಬಹುದು. ಬಂಗಾರವನ್ನು ಗೆಲ್ಲುವುದು ಹೇಗೆ?

ಮೇಡಾರಂ ಜಾತ್ರೆಗೆ ಹೋಗಿದ್ದ ಅಪಾರ್ಟ್‌ಮೆಂಟಿನವರು ಹಿಂದಿನ ದಿನವಷ್ಟೇ ಮರಳಿದ್ದರು. ಅಲ್ಲಿ ಹರಕೆ ಹೊತ್ತವರು ತಮ್ಮ ತೂಕದಷ್ಟು ಬೆಲ್ಲ ಅಮ್ಮನವರಿಗೆ ಒಪ್ಪಿಸುತ್ತಾರೆ. ಅದನ್ನು ಬೆಲ್ಲ ಎನ್ನುವುದಿಲ್ಲ, ಬಂಗಾರ ಎನ್ನುತ್ತಾರೆ. ಪ್ರಸಾದದ ತುಣುಕನ್ನು ಮನೆಮನೆಗೆ ಹಂಚುವಾಗ ಬೇಡ ಎಂದರೆ, ಬೇಡ ಎಂದದ್ದು ಅಮ್ಮನಿಗೇ.

ಎರಡನೆಯ ಮಹಡಿಯ ಭವಾನಿ ಮೊದಲು ಬಂದಳು.

"ಹೊಟ್ಟಿ ಸರಿ ಇಲ್ರೀ," ಎಂದ ಗುರುಬಸವ.

"ಬಂಗಾರ ತಗೊಳ್ಳಾಕ ಹೊಟ್ಟಿನ ಕೇಳ್ತಾರೇನ್ರಿ? ಬಾಯಿ ತಗೀರಿ."

ಬಾಯಿ ತೆರೆದ. ಹಿಂದೆಯೇ ಪಕ್ಕದ ಮನೆಯ ಸಾಬಮ್ಮ ಬಂದಳು. ಭವಾನಿ ಕೊಟ್ಟ ತುಣುಕಿಗಿಂತ ತನ್ನದು ಸಣ್ಣದಾಗಬಾರದೆಂದು ಅವಳು ನಿಂಬೆಗಾತ್ರದ್ದನ್ನೇ ಹಾಕಿದಳು. ಹನ್ನೆರಡರ ಹೊತ್ತಿಗೆ ಏಳು ಮನೆಯ ಬಂಗಾರ ಗುರುಬಸವನ ಹೊಟ್ಟೆಯಲ್ಲಿ, ರಜೆಯ ದಿನದ ಸರ್ಕಾರಿ ಫೈಲಿನಂತೆ ಕದಲದೆ ಕೂತಿತ್ತು.

ಹನ್ನೆರಡೂವರೆಗೆ ಕದಲಿತು. ಮೂರರೊಳಗೆ ಐದು ಸಲ ವಾಂತಿ.

"ಡಾಕ್ಟರ್‌ಗೆ ಫೋನ್ ಮಾಡ್ತೀನಿ. ಅಲ್ಲೀತನ ಉಪ್ಪುಸಕ್ಕರಿ ನೀರು ಒಂದೊಂದೇ ಗುಟುಕು ಕುಡೀರಿ," ಎಂದಳು ಯಂಕಮ್ಮ.

ಗುರುಬಸವ ಗೋಡೆ ಹಿಡಿದು ತೂಕದ ಯಂತ್ರದ ಕಡೆಗೆ ಹೊರಟಿದ್ದ. "ಒಂದು ಲೋಟ ನೀರಂದ್ರ ಇನ್ನೂರು ಗ್ರಾಂ. ನಾಲ್ಕರ ಮ್ಯಾಲೆ ಕುಡೀತೀನಿ. ಹೆಂಗೂ ಅಲ್ಲಿಗೇ ಹೊಂಟೀವಿ, ಫೋನ್ ಯಾಕ?"

"ಚೀಟಿಯೊಳಗ ನೀರು ಜಾಸ್ತಿ ಅಂತ ನೀವೇ ಬರದೀರಿ."

ಐದು ತಿಂಗಳಲ್ಲಿ ಮೊದಲ ಸಲ ಗುರುಬಸವ ಆ ಚೀಟಿಗೆ ಬೆನ್ನು ತಿರುಗಿಸಿದ.

ಆಸ್ಪತ್ರೆಯಲ್ಲಿ ಅವನು ಯಂತ್ರ ಹತ್ತಿದ. ನರ್ಸ್ ಓದಿದಳು: "ತೊಂಬತ್ನಾಲ್ಕು ಪಾಯಿಂಟ್ ಆರು." ಯಂಕಮ್ಮ ಕಣ್ಣು ಮುಚ್ಚಿ ಕೈ ಮುಗಿದಳು. ಡಾಕ್ಟರು ಕ್ಯಾಲೆಂಡರ್ ತೆರೆದು ಪೆನ್ನಿನ ಮುಚ್ಚಳ ತೆಗೆದರು. ಹೊಟ್ಟೆಗೆ ಚುಚ್ಚುವ ಪೆನ್ನಲ್ಲ, ದಿನ ಬರೆಯುವ ಪೆನ್ನು. ಗುರುಬಸವನಿಗೆ ಅದಕ್ಕಿಂತ ಚಂದದ್ದು ಲೋಕದಲ್ಲಿ ಯಾವುದೂ ಕಾಣಲಿಲ್ಲ.

"ಹೊಸ ಡೋಸು ಹೇಗಿದೆ? ವಾಂತಿ ಏನಾದರೂ?"

"ಇಲ್ರೀ," ಎಂದ ಗುರುಬಸವ.

"ಐದು ಸಲ ಆಗೇತ್ರಿ," ಎಂದಳು ಯಂಕಮ್ಮ. ಡಾಕ್ಟರ ಮುಂದೆ ಸುಳ್ಳು ಅವಳಿಗೆ ಬರುತ್ತಿರಲಿಲ್ಲ. "ನೀರೂ ಮುಟ್ಟಿಲ್ಲ."

ಮುಚ್ಚಳ ಮತ್ತೆ ಪೆನ್ನಿನ ಮೇಲೆ ಕೂತಿತು. ಡಾಕ್ಟರು ನಾಲಿಗೆ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ನೋವಿದೆಯೇ ಎಂದು ಎರಡೆರಡು ಸಲ ಕೇಳಿದರು. ನೋವಿರಲಿಲ್ಲ. "ಇದು ಇಳಿದ ತೂಕ ಅಲ್ಲ, ಹೋದ ನೀರು. ಹೀಗೇ ಬಿಟ್ಟರೆ ಕಿಡ್ನಿಗೆ ಕಷ್ಟ. ಮೊದಲು ಸಲೈನ್ ಹಾಕಿ, ಆಮೇಲೆ ತೂಕ. ಇನ್ಮುಂದೆ ಹಳೆಯ ಸಣ್ಣ ಡೋಸೇ ಇರಲಿ."

ಅರ್ಧ ಲೀಟರಿನ ಎರಡು ಬಾಟಲಿ ಹನಿಹನಿಯಾಗಿ ಇಳಿದವು. ಒಂದೊಂದು ಹನಿಯನ್ನೂ ಗುರುಬಸವ ಸ್ಟೋರಿಗೆ ಬಂದ ಸಾಮಾನಿನಂತೆ ಎಣಿಸಿದ. ಕೊನೆಯ ಆಸೆಯಿಂದ ಮೂರು ಸಲ ಬಾತ್ರೂಮಿಗೆ ಹೋಗಿ ಬಂದ. ಬಾಯಾರಿದ ದೇಹ ಒಂದು ತೊಟ್ಟನ್ನೂ ಬಿಟ್ಟುಕೊಡಲಿಲ್ಲ.

ತೊಂಬತ್ತೈದು ಪಾಯಿಂಟ್ ಆರು.

ದಿನ ಸಿಗದೆಯೇ ಇಬ್ಬರೂ ಮೆಟ್ರೋ ಹತ್ತಿದರು. ಮಿಯಾಪುರ ಬರುವ ಹೊತ್ತಿಗೆ ಯಂಕಮ್ಮ ಮೆಲ್ಲಗೆ ಬಾಯಿಬಿಟ್ಟಳು.

"ಒಂದು ಮಾತು ಹೇಳಿದ್ದಿಲ್ಲ. ನೀವು ತೊಂಬತ್ತೈದರ ಕೆಳಗ ಇಳದ್ರ ನಿಮ್ಮ ತೂಕದ ಬಂಗಾರ ಕೊಡ್ತೀನಂತ ಅಮ್ಮನಿಗೆ ಹರಕಿ ಹೊತ್ತೀನಿ."

"ಇಳೀಲಿಲ್ಲಲ್ಲ. ಹರಕಿ ಖರ್ಚು ಉಳೀತು."

"ಇಳದ್ರಿ. ನರ್ಸ್ ಓದಿದ್ದು ನಾನೇ ಕೇಳೀನಿ. ಕೆಳಗ ಇಳೀಲಿ ಅಂತ ಹೊತ್ತಿದ್ದೆ, ಅಲ್ಲೇ ಇರ್ಲಿ ಅಂತ ಹೊತ್ತಿರಲಿಲ್ಲ. ಅಮ್ಮ ತನ್ನ ಮಾತು ನಡಿಸ್ಯಾಳ."

ಗುರುಬಸವ ತೊಂಬತ್ತೈದು ಕಿಲೋ ಬೆಲ್ಲದ ಬೆಲೆಯನ್ನು ಬೆರಳಲ್ಲಿ ಲೆಕ್ಕ ಹಾಕತೊಡಗಿದ.

"ಮತ್ತ," ಎಂದಳು ಯಂಕಮ್ಮ, "ಪ್ರಸಾದದ ಮೊದಲ ತುಣುಕು ನೀವೇ ತಿನ್ಬೇಕ್ರಿ."