ಎರವಲು ಕೊಟ್ಟ ಹೆಸರು

ಕೊಡೆ ಎರವಲು ಕೊಟ್ಟವನು ಹೆಚ್ಚೆಂದರೆ ಮಳೆಯಲ್ಲಿ ನೆನೆಯುತ್ತಾನೆ. ವೆಂಡೆಲ್ ಕ್ರೆಬ್ಸ್ ಎರವಲು ಕೊಟ್ಟಿದ್ದು ತನ್ನ ಹೆಸರನ್ನು.

ಒಹಾಯೋದ ನಮ್ಮ ಹಾರ್ಪರ್ಸ್ ಕ್ರೀಕ್‌ನಲ್ಲಿ ಅವನು ಟೋಪಿ ಅಂಗಡಿಯ ಗುಮಾಸ್ತ. ಗಾಳಿ ಜೋರಾದರೆ ಟೋಪಿಯ ಜೊತೆ ತಾನೂ ಹಾರಿಹೋದಾನು ಎನ್ನುವಂಥ ಮೈಕಟ್ಟು. ಸುತ್ತಲಿನ ಐದೂರು ಸೇರಿ ಮಾಡಿಕೊಂಡ, ಚೆಂಡು ಹಿಡಿದು ಓಡುವವನನ್ನು ಮೈಮೇಲೆ ಬಿದ್ದು ಕೆಡವುವ ಫುಟ್‌ಬಾಲ್ ಲೀಗಿನಲ್ಲಿ ಆಯಾ ಊರಿನವರೇ ಆಡಬೇಕೆಂಬ ನಿಯಮವಿತ್ತು. ನಮ್ಮ ತಂಡದ ಮ್ಯಾನೇಜರ್ ಗ್ರೈಮ್ಸ್ ದೂರದ ಕಾಲೇಜಿನಿಂದ ಒಬ್ಬ ದಾಂಡಿಗ ಹುಡುಗನನ್ನು ಗುಟ್ಟಾಗಿ ಕರೆಸಿ, ವೆಂಡೆಲ್ ಹೆಸರಿನಲ್ಲಿ ಆಡಿಸುತ್ತಿದ್ದ. ಹುಡುಗನ ಮೂಗಿಗೆ ರಬ್ಬರಿನ ಕವಚ, ಪೆಟ್ಟು ತಡೆಯಲೆಂದು ಕಣ್ಣ ಮೇಲೆ ಬೆಳೆಸಿದ ಕೂದಲು, ಮೈತುಂಬ ಕೆಸರು. ವೆಂಡೆಲ್‌ನೊಳಗೆ ಇಷ್ಟು ಮಾಂಸ ಎಲ್ಲಿತ್ತೆಂದು ಯಾರೂ ಕೇಳಲಿಲ್ಲ. ಗೆಲ್ಲುತ್ತಿರುವ ಊರು ಪ್ರಶ್ನೆ ಕೇಳುವುದಿಲ್ಲ.

ಪಂದ್ಯವಿರುವ ಭಾನುವಾರವೆಲ್ಲ ವೆಂಡೆಲ್ ಪರದೆ ಎಳೆದುಕೊಂಡು ಮಲಗಿರುತ್ತಿದ್ದ. ಇಷ್ಟೆಲ್ಲ ಬೇಕರಿಯ ಮಿನ್ನಾಗಾಗಿ. ಫುಟ್‌ಬಾಲ್ ಆಡದವನನ್ನು ಅವಳು ಗಂಡಸರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ.

ಆ ಸೋಮವಾರ ಬೆಳಿಗ್ಗೆ ಅವನು ಬಾಗಿಲು ತೆರೆದರೆ ಹಿಡಿಕೆಗೆ ಯಾರೋ ಕಪ್ಪು ಪಟ್ಟಿ ಕಟ್ಟಿದ್ದರು. ಪಕ್ಕದ ಮನೆಯ ಹ್ಯಾಗರ್ಟಿಯಮ್ಮ ಸೇಬಿನ ಕಡುಬು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಇವನ ಮುಖ ಕಂಡದ್ದೇ ತಡ, ಕಡುಬು ಇವನ ಕಾಲ ಮೇಲೆ ಬಿತ್ತು.

"ನೀನು ನಿನ್ನೆ ಸತ್ತೆಯಲ್ಲೋ," ಎಂದಳು.

"ನಾನಾ?"

"ಇನ್ಯಾರು? ಒಂದು ರಾಶಿ ಜನ ನಿನ್ನ ಮೇಲೆ ಬಿದ್ರು. ಡಾಕ್ಟ್ರು ನಾಡಿ ನೋಡಿ ಟೋಪಿ ತೆಗೆದ್ರು. ಪೇಪರಲ್ಲೂ ಬಂದಿದೆ. ಸತ್ತೋರ ಮನೆಗೆ ಅಂತ ಬೆಳಿಗ್ಗೆ ಎದ್ದು ಕಡುಬು ಮಾಡಿದೆ, ಈಗ ನೋಡು."

ಆ ವರ್ಷ ದೇಶದ ತುಂಬ ಹುಡುಗರು ಈ ಆಟದಲ್ಲಿ ಸಾಯುತ್ತಿದ್ದರು. ದೇಶದ ಅಧ್ಯಕ್ಷರೇ ಕಾಲೇಜಿನವರನ್ನು ಕರೆಸಿ ಬುದ್ಧಿ ಹೇಳಿದ್ದರು. ತನ್ನ ಹೆಸರು ಹೊತ್ತು ಯಾರದೋ ಮಗ ಸತ್ತನಲ್ಲ ಎಂದುಕೊಂಡ ವೆಂಡೆಲ್. ಹಿತ್ತಿಲ ಓಣಿಯಲ್ಲಿ ಓಡಿ, ಹೆಣ ಅಲ್ಲೇ ಇರಬೇಕೆಂದು ಶವಪೆಟ್ಟಿಗೆ ಮಾಡುವ ಪೆಲ್‌ನ ಅಂಗಡಿಗೆ ನುಗ್ಗಿದ.

ಅಲ್ಲಿ ಖಾಲಿ ಪೆಟ್ಟಿಗೆಯ ಮೇಲೆ ಗ್ರೈಮ್ಸ್ ತಲೆಗೆ ಕೈಹೊತ್ತು ಕೂತಿದ್ದ.

"ಹುಡುಗ ಎಲ್ಲಿ?"

"ಸತ್ತಿಲ್ಲ ಮಾರಾಯ. ಪೆಟ್ಟಿಗೆಯೊಳಗೆ ಎದ್ದು ಕೂತು ಕಾಫಿ ಕೇಳಿದ. ಪೆಲ್ ಇನ್ನೂ ನಡುಗ್ತಾ ಇದಾನೆ. ಕಾಲೇಜಲ್ಲಿ ಗೊತ್ತಾದ್ರೆ ಒದ್ದು ಓಡಿಸ್ತಾರೆ ಅಂತ ಮೊದಲನೇ ರೈಲಿಗೇ ಹೊರಟುಹೋದ."

"ಸದ್ಯ," ಎಂದು ವೆಂಡೆಲ್ ಗೋಡೆಗೊರಗಿದ. "ಹಾಗಾದ್ರೆ ನಾನು ಬದುಕಿದೀನಿ ಅಂತ ಹೇಳಿಬಿಡಿ."

"ಹೇಳಿದ್ರೆ, ಕೆಸರಲ್ಲಿ ಬಿದ್ದೋನು ಯಾರು ಅಂತಾರೆ. ಲೀಗಿಂದ ಆಚೆ ಹಾಕ್ತಾರೆ. ನೀನು ಸುಮ್ಮನೆ ಸತ್ತಿರು. ಇಂಡಿಯಾನಾದಲ್ಲಿ ನಿಂಗೊಬ್ಬಳು ಚಿಕ್ಕಮ್ಮ ಇದಾಳಲ್ಲ? ಅಲ್ಲಿಗೆ ಹೊರಟುಹೋಗು."

"ಮಿನ್ನಾ?"

"ಅಳ್ತಾ ಕೂತಿದಾಳೆ. ಬದುಕಿದ್ದಿದ್ರೆ ಅವನನ್ನೇ ಮದುವೆ ಆಗ್ತಿದ್ದೆ ಅಂತ ಊರಿಗೆಲ್ಲ ಹೇಳ್ತಿದಾಳೆ."

ಗ್ರೈಮ್ಸ್ ಮಾತು ಮುಗಿಸುವ ಮೊದಲೇ ವೆಂಡೆಲ್ ಬೀದಿಯಲ್ಲಿದ್ದ. ಚರ್ಚಿನ ಮುಂದೆ ಅವನಿಗಾಗಿ ಹಾಡುತ್ತಿದ್ದವರ ದನಿ ಅರ್ಧಕ್ಕೇ ನಿಂತಿತು. ಪಾದ್ರಿ ಬಾಯಿ ತೆರೆದವರು ಮುಚ್ಚುವುದನ್ನು ಮರೆತರು. ಬೇಕರಿ ತಲುಪುವಷ್ಟರಲ್ಲಿ ಅರ್ಧ ಊರು ಅವನ ಬೆನ್ನ ಹಿಂದಿತ್ತು.

ಮಿನ್ನಾ ಮೂರ್ಛೆ ಹೋಗಲಿಲ್ಲ. ಹಿಟ್ಟಿನ ಕೈಯಿಂದ ಅವನ ಕೆನ್ನೆ ಹಿಂಡಿ ನೋಡಿ, "ಬಿಸಿ ಇದೆ," ಎಂದಳು.

"ಮಿನ್ನಾ, ನಿಜ ಹೇಳಿಬಿಡ್ತೀನಿ. ನಿನ್ನೆ ಮೈದಾನದಲ್ಲಿ..."

"ಪೆಟ್ಟಿಗೆಯಿಂದ ಎದ್ದು ಬಂದ ನಮ್ಮ ವೆಂಡೆಲ್!" ಎಂದು ಏದುಸಿರು ಬಿಡುತ್ತ ಬಂದ ಗ್ರೈಮ್ಸ್ ಕೂಗಿದ. ಲೀಗಿನಲ್ಲಿ ಜಾಗ ಉಳಿಸಿಕೊಳ್ಳಲು ಅವನಿಗೆ ದಾರಿಯಲ್ಲೇ ಉಪಾಯ ಹೊಳೆದಿತ್ತು. ಜನ ವೆಂಡೆಲ್‌ನನ್ನು ಹೆಗಲಿಗೇರಿಸಿಕೊಂಡರು. ಕೆಳಗಿಳಿಸಿದಾಗ ಮಿನ್ನಾ ಎಲ್ಲರೆದುರಿಗೇ ಮುತ್ತು ಕೊಟ್ಟಳು. ತುದಿನಾಲಿಗೆಗೆ ಬಂದಿದ್ದ ನಿಜವನ್ನು ಅವನು ಸಂತೋಷವಾಗಿ ನುಂಗಿಕೊಂಡ.

"ಭಾನುವಾರ ಕೆರ್ನಿಯ ಗಣಿ ಕೆಲಸದವರ ತಂಡದ ಮೇಲೆ ಕೊನೇ ಪಂದ್ಯ," ಎಂದಳು ಮಿನ್ನಾ. "ಅದೊಂದು ಗೆದ್ದು ಬಾ. ಸೋಮವಾರ ಮದುವೆ."

ವೆಂಡೆಲ್ ನಗುತ್ತಲೇ ಗ್ರೈಮ್ಸ್‌ನ ಕಿವಿಗೆ ಬಾಗಿದ. "ಭಾನುವಾರ ಆ ಹುಡುಗ ಬರ್ತಾನೆ ತಾನೆ?"

"ಸತ್ತು ಬದುಕಿದೋನು ಮತ್ತೆ ಬರ್ತಾನೇನೋ? ಈ ಊರ ಕಡೆ ತಲೆ ಹಾಕಿನೂ ಮಲಗಲ್ಲ ಅಂತ ಆಣೆ ಮಾಡಿ ಹೋದ."

"ಬೇರೆ ಯಾರನ್ನಾದ್ರೂ ಕರೆಸಿ."

"ಹೆಂಗೆ ಕರೆಸ್ಲಿ? ಊರೆಲ್ಲ ನಿನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಿದೆ."

ವೆಂಡೆಲ್ ಮೆಲ್ಲಗೆ ಹಿಂದೆ ಸರಿದ. ಹಿಂದಿನಿಂದ ಯಾರೋ ಭುಜ ಹಿಡಿದರು. ತಿರುಗಿ ನೋಡಿದರೆ ಪೆಲ್. ಕೈಯಲ್ಲಿ ಅಳತೆಯ ಪಟ್ಟಿ ಇತ್ತು.

ಗುಂಪನ್ನು ಸೀಳಿಕೊಂಡು ಹ್ಯಾಗರ್ಟಿಯಮ್ಮ ಮುಂದೆ ಬಂದಳು.

"ಹಾಗಾದ್ರೆ ಸೋಮವಾರಕ್ಕೆ ಇನ್ನೊಂದು ಕಡುಬು ಮಾಡ್ತೀನಿ ಬಿಡು," ಎಂದಳು. "ಮದುವೆಗಾದ್ರೂ ಆಯ್ತು, ಇನ್ನೊಂದಕ್ಕಾದ್ರೂ ಆಯ್ತು."