ಓಂಕಾರೇಶ ಡ್ರೋನಿನ ಜೊತೆ ಚೌಕಾಸಿಗೆ ಇಳಿದದ್ದು

ಕಡೂರಿನ ಕೊಬ್ಬರಿ ವ್ಯಾಪಾರಿ ಓಂಕಾರೇಶನನ್ನು ಸರಕಿನ ಹಾಗೆ ಅಂಗೈಯಲ್ಲಿಟ್ಟು ನೋಡಿದರೆ ಕಾಣುವುದಿಷ್ಟು: ವಯಸ್ಸು ಐವತ್ತು ದಾಟಿದೆ, ಆದರೂ ಹಳೇ ಮಾಲು ಎನ್ನುವಂತಿಲ್ಲ. ಆಕಾರ ಗುಂಡಗೆ, ಎಣ್ಣೆಯಂಶ ಧಾರಾಳ. ಅಲ್ಲಾಡಿಸಿದರೆ ಒಳಗೆ ಗುಡುಗುಡು ಎನ್ನುತ್ತದೆ. ಉಂಡೆ ಕೊಬ್ಬರಿಗೆ ಅದು ಒಳ್ಳೆಯ ಲಕ್ಷಣ, ಮನುಷ್ಯನಿಗೆ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಹುಳುಕಿಲ್ಲ. ಬಾಯಿ ಮಾತ್ರ ತೂಕಕ್ಕಿಂತ ಜಾಸ್ತಿ. ತರೀಕೆರೆಯಲ್ಲಿ ಅಂಗಡಿಯಿಟ್ಟುಕೊಂಡು ನಾನು ಇಷ್ಟು ವರ್ಷ ಅವನಿಂದ ಕೊಬ್ಬರಿ ತರಿಸಿದ್ದೇನೆ. ಅವನು ಮೊದಲು ಹೇಳಿದ ದರಕ್ಕೆ ಒಮ್ಮೆಯೂ ಕೊಟ್ಟಿಲ್ಲ, ನಾನು ಮೊದಲು ಕೇಳಿದ ದರಕ್ಕೆ ಒಮ್ಮೆಯೂ ಕೊಂಡಿಲ್ಲ. ಆದ್ದರಿಂದಲೇ ನಮ್ಮ ಸ್ನೇಹ ಗಟ್ಟಿ.

ಅವನ ಇಡೀ ವ್ಯಾಪಾರ ನಿಂತಿರುವುದು ಒಂದು ಮಹಾಸಿದ್ಧಾಂತದ ಮೇಲೆ: ಈ ಭೂಮಂಡಲದಲ್ಲಿ ಯಾರೂ ಕೊನೆಯ ಮಾತನ್ನು ಮೊದಲೇ ಆಡುವುದಿಲ್ಲ! "ಇದಕ್ಕಿಂತ ಆಗಲ್ಲ" ಎಂದವನ ಹತ್ತಿರ ಇನ್ನೂ ಜಾಗ ಇದ್ದೇ ಇರುತ್ತದೆ. ಡಾಕ್ಟರು ಒಂದೇ ಹೋಳಿಗೆ ಎಂದರೆ ಓಂಕಾರೇಶ ಎರಡೂವರೆ ಎಂದು ತಿಳಿಯುತ್ತಾನೆ. ಬಸ್ಸು ಎಂಟಕ್ಕೆ ಎಂದರೆ ಎಂಟು ಹೊಡೆದ ಮೇಲೆ ಮನೆ ಬಿಡುತ್ತಾನೆ. ಅವನ ದುರದೃಷ್ಟಕ್ಕೆ ಬಸ್ಸು ಸಿಗುತ್ತದೆ ಕೂಡ!

ಅವನ ಮಗಳು ಕೃತಿಕಾ. ಬಿ.ಕಾಂ. ಮುಗಿಸಿದ ಹುಡುಗಿ, ಹವ್ಯಾಸಕ್ಕೆಂದು ಒಂದು ಸಣ್ಣ ಡ್ರೋನ್ ಕೊಂಡಿದ್ದಳು. ಅಮೃತಾಪುರದ ಸುತ್ತಿನ ಹೊಲಗಳನ್ನು ಆಕಾಶದಿಂದ ತೆಗೆದ ಅವಳ ವಿಡಿಯೊ ಒಂದು ನನ್ನ ಫೋನಿಗೂ ಬಂತು. ನನ್ನ ಹೊಸ ಮನೆಯ ಗೃಹಪ್ರವೇಶ ಹತ್ತಿರದಲ್ಲಿತ್ತು. "ಭಾನುವಾರ ನಮ್ಮನೆಯನ್ನೂ ಮೇಲಿಂದ ತೆಗೆದುಕೊಡಮ್ಮ" ಎಂದು ಕೇಳಿದೆ. "ಖಂಡಿತಾ ಬರ್ತೀನಿ ಅಂಕಲ್" ಎಂದಳು. ಅದು ಅವಳು ಒಪ್ಪಿಕೊಂಡ ಮೊದಲ ಕೆಲಸ. ಮಗಳು ನನಗೆ ಮಾತು ಕೊಟ್ಟಳೆಂದು ಓಂಕಾರೇಶ ಕಡೂರಿನ ಪೇಟೆಗೆಲ್ಲ ಸಾರಿಕೊಂಡು ಬಂದ.

ಶನಿವಾರ ಬೆಳಗ್ಗೆ ಕೃತಿಕಾ ಗೆಳತಿಯಿಂದ ಇನ್ನೊಂದು ಬ್ಯಾಟರಿ ತರಲು ಅಜ್ಜಂಪುರಕ್ಕೆ ಹೊರಟಳು. ಹೊಸ್ತಿಲು ದಾಟುವ ಮುನ್ನ ಡ್ರೋನಿನ ಪೆಟ್ಟಿಗೆ ತೋರಿಸಿ, "ಅಪ್ಪಾ, ಮುಟ್ಬೇಡಿ" ಎಂದಳು. ಅವಳು ಬೀದಿಯ ತಿರುವು ದಾಟುವಷ್ಟರಲ್ಲಿ ಪೆಟ್ಟಿಗೆ ಓಂಕಾರೇಶನ ಕಂಕುಳಲ್ಲಿತ್ತು.

"ರೀ! ಮುಟ್ಬೇಡಿ ಅಂತ ಹೇಳ್ ಹೋಗವ್ಳೆ" ಎಂದು ಹೆಂಡತಿ ಯಶೋದಾ ಅಡುಗೆಮನೆಯಿಂದಲೇ ಕೂಗಿದಳು.

"ಮುಟ್ಬೇಡಿ ಅಂದ್ರೆ ಬೀಳಿಸ್ಬೇಡಿ ಅಂತ ಕಣೇ."

"ಬೀಳಿಸ್ಬೇಡಿ ಅಂದಿದ್ರೆ?"

"ಒಡೀಬೇಡಿ ಅಂತ. ನಾಳೆ ಸರಕು ಹೊರಡ್ತೈತೆ, ಇವತ್ತು ಸ್ಯಾಂಪಲ್ ನೋಡೋದು ಬ್ಯಾಡ್ವಾ?"

"ನೋಡಿ ನೋಡಿ. ಅವಳು ವಾಪಸ್ ಬಂದು ನಿಮ್ಮನ್ನ ನೋಡ್ತಾಳೆ."

ಓಂಕಾರೇಶ ಡ್ರೋನನ್ನು ಅಂಗಡಿಗೆ ಒಯ್ದು ಮೊದಲು ತಕ್ಕಡಿಗೆ ಹಾಕಿದ. ಪೆಟ್ಟಿಗೆಯ ಮೇಲೆ ಕಾಲು ಕೆಜಿಗೆ ಒಂದೇ ಗ್ರಾಂ ಕಡಿಮೆ ಎಂದು ಅಚ್ಚಾಗಿತ್ತು. "ನೋಡ್ದಾ ಪಾಷಾ, ಒಂದು ಗ್ರಾಂ ಹೊಡ್ದವ್ನೆ! ಇವನು ನಮ್ ಜನಾನೇ" ಎಂದು ಪಕ್ಕದ ಗೋಣಿಚೀಲದ ಅಂಗಡಿಯ ಮುನೀರ್ ಪಾಷಾನನ್ನು ಕರೆದು ತೋರಿಸಿದ. ಆಮೇಲೆ ಕನ್ನಡಕ ಏರಿಸಿ ಉಳಿದದ್ದನ್ನು ಓದಿದ. ಹಾರುವ ದೂರ ಹೆಚ್ಚೆಂದರೆ ಮೂರು ಕಿಲೋಮೀಟರು. ಜೋರು ಗಾಳಿಯಲ್ಲಿ ಹಾರಿಸಬಾರದು. ಬ್ಯಾಟರಿ ಇಳಿದಾಗ ವಾಪಸ್ ಕರೆಸಬೇಕು.

ಓದಿ ಮುಗಿಸಿ ಎದೆ ಉಬ್ಬಿಸಿದ. "ಕೇಳಿಸ್ಕೋ ಪಾಷಾ. ಪೆಟ್ಟಿಗೆ ಮೇಲೆ ಮೂರು ಅಂತ ಹಾಕವ್ನೆ ಅಂದ್ರೆ ಒಳಗೆ ಐದು ಇಟ್ಟಿರ್ತಾನೆ. ಇವತ್ತು ಆ ಐದನ್ನೂ ಹೊರಗೆ ತೆಗೀತೀನಿ. ತೆಗೀಲಿಲ್ಲ ಅಂದ್ರೆ ನಾನು ಕೊಬ್ಬರಿ ಓಂಕಾರೇಶನೇ ಅಲ್ಲ!"

"ತೆಗೆದಿದ್ದನ್ನ ವಾಪಸ್ ಒಳಗೆ ತುಂಬೋದು ಹೆಂಗೆ ಅಂತ ಬರ್ದವ್ರಾ ಅಣ್ಣಾ?" ಎಂದ ಮುನೀರ್. ಹಾಗೆಂದವನೇ ಅಂಗಡಿ ಮುಚ್ಚಿ ಮೊಪೆಡ್ ಹೊರಗೆ ತೆಗೆದ. ಇಂಥದ್ದನ್ನು ನೋಡದೆ ಬಿಡುವಷ್ಟು ಮೂರ್ಖ ಅವನಲ್ಲ. ಈ ಕಥೆ ನನಗೆ ಇಷ್ಟು ವಿವರವಾಗಿ ಗೊತ್ತಿರುವುದಕ್ಕೂ ಅವನೇ ಕಾರಣ.

ಇಬ್ಬರೂ ಹೋದದ್ದು ಎಮ್ಮೆದೊಡ್ಡಿ ಕಾವಲಿಗೆ. ಅಮೃತಮಹಲ್ ದನಗಳು ಮೇಯುವ ಬಯಲು. ಮನೆಯಿಲ್ಲ, ತಂತಿಯಿಲ್ಲ, ಕಣ್ಣು ಸೋಲುವವರೆಗೂ ಒಣಹುಲ್ಲು. ಗಾಳಿ ಮಾತ್ರ ಬೆನ್ನಿಗೆ ಕೈಯಿಟ್ಟು ತಳ್ಳುವಂತಿತ್ತು. ಮಗಳ ಪಕ್ಕ ನಿಂತು ನಾಲ್ಕಾರು ಸಲ ಅದರ ಗುಂಡಿ ತಿರುವಿದ ಅನುಭವದ ಬಲದಿಂದ ಓಂಕಾರೇಶ ತನ್ನ ಫೋನನ್ನು ರಿಮೋಟಿಗೆ ಸಿಕ್ಕಿಸಿ ಡ್ರೋನನ್ನು ಎಬ್ಬಿಸಿದ. ಅದು ದುಂಬಿಯ ಹಾಗೆ ಮೊರೆಯುತ್ತ ಎದ್ದು, ಒಮ್ಮೆ ಓಲಾಡಿ, ಗಾಳಿಯ ಜೊತೆ ಸೇರಿಕೊಂಡು ಹೊರಟೇಹೋಯಿತು.

"ಏನ್ ಸ್ಪೀಡು ನೋಡ್ಲಾ! ಬ್ಯಾಟರಿ ಖರ್ಚೇ ಆಗ್ತಿಲ್ಲ!"

"ಹೋಗೋ ಬಾಡಿಗೆ ಅಗ್ಗ ಅಣ್ಣಾ, ಗಾಳಿ ತಳ್ತಾ ಐತೆ. ಬರೋ ಬಾಡಿಗೆ ಕೇಳ್ದಾ?"

ಓಂಕಾರೇಶನಿಗೆ ಕೇಳಿಸಲಿಲ್ಲ. ಫೋನಿನ ಪರದೆಯಲ್ಲಿ ಆಗ ತಾನೇ ಏನೋ ಕಾಣಿಸಿತ್ತು.

ಮೊದಲು ಬೂದಿ ಚೆಲ್ಲಿದ ಹಾಗೆ ಕಂಡಿತು. ಬೂದಿ ಅಲುಗಾಡಿತು. ಡ್ರೋನಿನ ಸದ್ದಿಗೆ ಅಷ್ಟೂ ದನಗಳು ಒಮ್ಮೆಗೇ ತಲೆಯೆತ್ತಿ, ಮರುಕ್ಷಣ ಓಡತೊಡಗಿದವು. ಮೇಲಿನಿಂದ ಕಾಲುಗಳು ಕಾಣುತ್ತಿರಲಿಲ್ಲ. ಬೆನ್ನುಗಳು, ಹಿಂದಕ್ಕೆ ಬಾಗಿದ ಉದ್ದುದ್ದ ಕೊಂಬುಗಳು, ಅವುಗಳ ಪಕ್ಕದಲ್ಲೇ ಅವುಗಳ ನೆರಳು. ಬಯಲಿನ ಮೇಲೆ ಒಂದು ಬೂದುಬಣ್ಣದ ಹೊಳೆ ತನಗೆ ಬೇಕಾದ ಕಡೆ ಹರಿಯುತ್ತಿತ್ತು. ಕವಲೊಡೆಯಿತು, ಒಂದು ಜಾಲಿಮರವನ್ನು ಸುತ್ತುವರಿಯಿತು, ಮತ್ತೆ ಕೂಡಿಕೊಂಡಿತು. ಓಂಕಾರೇಶ ಡ್ರೋನನ್ನು ಆ ಹೊಳೆಯ ಬೆನ್ನು ಹತ್ತಿಸಿದ. ಎರಡು ಕಿಲೋಮೀಟರು ದಾಟಿತು. ಮೂರಾಯಿತು.

ರಿಮೋಟು ಕುಂಯ್‌ಗುಟ್ಟಿತು. ಬ್ಯಾಟರಿ ಕಡಿಮೆಯಾಗಿದೆ, ವಾಪಸ್ ಬರಲೇ ಎಂದು ಕೇಳಿತು.

"ಶುರು ಮಾಡ್ತು ನೋಡು, ಚೌಕಾಸಿ!" ಎನ್ನುತ್ತ ಓಂಕಾರೇಶ ಬೇಡ ಎಂದು ಒತ್ತಿದ.

ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿತು, ಈ ಸಲ ಕೆಂಪು ಅಕ್ಷರದಲ್ಲಿ.

"ಅಣ್ಣಾ, ಅದು ಕೆಂಪಗಾಯ್ತು."

"ಗಿರಾಕಿ ಕೆಂಪಗಾದಾಗ್ಲೇ ರೇಟು ಕುದುರೋದು ಕಣೋ. ಸುಮ್ನಿರು!" ಮತ್ತೆ ಬೇಡ ಎಂದು ಒತ್ತಿದ.

ಮೂರನೇ ಸಲ ಅದು ಏನನ್ನೂ ಕೇಳಲಿಲ್ಲ. ಪರದೆ ಒಮ್ಮೆ ನಡುಗಿತು. ಹೊಳೆ ನಿಂತಲ್ಲೇ ಹೆಪ್ಪುಗಟ್ಟಿತು. ಆಮೇಲೆ ಇಡೀ ಪರದೆ ಬೂದಿ.

ಇಂಥ ವ್ಯಾಪಾರಿಯನ್ನು ಓಂಕಾರೇಶ ಜೀವಮಾನದಲ್ಲಿ ಕಂಡಿರಲಿಲ್ಲ. ಕೊನೆಯ ಮಾತನ್ನು ಮೊದಲೇ ಹೇಳಿ, ಅದಕ್ಕೇ ನಿಂತುಬಿಟ್ಟಿತ್ತು!

"ಎಲ್ಲೈತೋ ಅದು?" ಎಂದ, ಸಣ್ಣ ದನಿಯಲ್ಲಿ.

"ಐದು ಕಿಲೋಮೀಟರ್‌ನ ಹುಡುಕ್ಕೊಂಡು ಹೋಗಿರ್ಬೇಕು ಅಣ್ಣಾ."

ಮೊಪೆಡ್ಡನ್ನು ಅಲ್ಲೇ ನಿಲ್ಲಿಸಿ ಇಬ್ಬರೂ ಕಾವಲಿಗೆ ಇಳಿದರು. ಹುಲ್ಲು ಕೆದರಿದರು, ಮುಳ್ಳು ತರಚಿಸಿಕೊಂಡರು, ಬಿಳಿಯ ಕಲ್ಲು ಕಂಡಲ್ಲೆಲ್ಲ ಓಡಿದರು. ಓಂಕಾರೇಶ ಶ್ರದ್ಧೆಯಿಂದ ಬಗ್ಗಿ ಎತ್ತಿಕೊಂಡ ಒಂದು ವಸ್ತು ಒಣಗಿದ ಸಗಣಿಯಾಗಿತ್ತು. "ಕಾಲು ಕೆಜಿಗೆ ಒಂದು ಗ್ರಾಂ ಕಮ್ಮಿ ಐತಾ ನೋಡು" ಎಂದ ಮುನೀರ್. ಓಂಕಾರೇಶ ಬೈಯಲು ತಲೆಯೆತ್ತಿದವನು ಹಾಗೇ ನಿಂತ.

ದಿಬ್ಬದ ಮೇಲೆ ದನಗಳು ಬಂದು ನಿಂತಿದ್ದವು.

ಯಾವಾಗ ಬಂದವೋ, ಸದ್ದೇ ಆಗಿರಲಿಲ್ಲ. ಅರ್ಧ ಚಂದ್ರಾಕಾರವಾಗಿ ನಿಂತು ಇಬ್ಬರನ್ನೂ ನೋಡುತ್ತಿದ್ದವು. ಮುಂದಿದ್ದ ಹೋರಿಯ ಬೆನ್ನ ಮೇಲಿನ ಹಿಣಿಲು ಓಂಕಾರೇಶನ ತಲೆಯ ಮಟ್ಟಕ್ಕಿತ್ತು. ಕೊಂಬು ಎರಡು ಕತ್ತಿಗಳನ್ನು ಆಕಾಶಕ್ಕೆ ಆನಿಸಿಟ್ಟ ಹಾಗೆ. ಅದು ಮೂಗಿನಿಂದ ಉಸಿರು ಬಿಟ್ಟಾಗ ಮುಂದಿನ ಹುಲ್ಲು ಅಲುಗಿತು. ಓಡಬೇಕೆಂದು ಮುನೀರನಿಗೆ ಅನಿಸಲಿಲ್ಲವಂತೆ. ಕಾಲಿಗೆ ಆ ವಿಷಯವೇ ಹೊಳೆಯಲಿಲ್ಲವಂತೆ. "ಮಾಷಾ ಅಲ್ಲಾ" ಎಂದಷ್ಟೇ ಅಂದನಂತೆ, ಅದೂ ತುಟಿಯೊಳಗೆ.

ಓಂಕಾರೇಶ ದಾರಿಯಲ್ಲಿ ಹೋಗುವ ಕುರಿ, ಕಟ್ಟುತ್ತಿರುವ ಕಟ್ಟಡ, ಮದುವೆಮನೆಯ ಚಪ್ಪರ, ಏನು ಕಂಡರೂ ಒಳಗೊಳಗೇ ಬೆಲೆ ಕಟ್ಟುವವನು. ಅಭ್ಯಾಸಬಲದಿಂದ ಆಗಲೂ ಬಾಯಿ ತೆರೆದ. ಮೊಟ್ಟಮೊದಲ ಬಾರಿಗೆ ಆ ಬಾಯಿಂದ ಯಾವ ದರವೂ ಹೊರಡಲಿಲ್ಲ. ಹೋರಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿತು. ಇವನು ನಮಗೆ ಬೇಡದ ಮಾಲು ಎನ್ನುವ ಹಾಗೆ ತಿರುಗಿತು. ಹಿಂಡೂ ತಿರುಗಿತು. ನೆಲ ಕಾಲಡಿಯಲ್ಲಿ ಬಹಳ ಹೊತ್ತು ಗುಡುಗುತ್ತಿತ್ತು.

ಡ್ರೋನ್ ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ.

ಸಂಜೆ ಇಬ್ಬರೂ ಓಂಕಾರೇಶನ ಮನೆಗೆ ಬಂದರೆ ಕೃತಿಕಾ ಗೆಳತಿಯಿಂದ ತಂದ ಬ್ಯಾಟರಿ ಹಿಡಿದು ಜಗಲಿಯಲ್ಲೇ ಕೂತಿದ್ದಳು. ಬರೀ ಕೈಯಲ್ಲಿ ಬಂದ ಅಪ್ಪನನ್ನು ಕಂಡು ಅವಳಿಗೆ ಎಲ್ಲ ಅರ್ಥವಾಯಿತು.

"ವಾಪಸ್ ಬರ್ಲಾ ಅಂತ ಕೇಳ್ಲಿಲ್ವಾ ಅಪ್ಪಾ ಅದು?"

"ಕೇಳ್ತಮ್ಮಾ."

"ನೀವೇನಂದ್ರಿ?"

"ಒಪ್ಲಿಲ್ಲ."

"ಆಮೇಲೆ?"

"ಇನ್ನೊಂದು ಸಲ ಕೇಳ್ತು. ನಾನು ಜಗ್ಗಲಿಲ್ಲ."

"ಆಮೇಲೆ?"

"ಆಮೇಲೆ ಅದೂ ಜಗ್ಗಲಿಲ್ಲ."

ಯಶೋದಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅಳುವುದಕ್ಕೋ ನಗುವುದಕ್ಕೋ ತಿಳಿಯಲಿಲ್ಲ. ಕೃತಿಕಾ ಬೈಯಲಿಲ್ಲ. ಬೈದಿದ್ದರೆ ಓಂಕಾರೇಶ ಅದಕ್ಕೂ ಏನೋ ಒಂದು ಉತ್ತರ ಹೇಳುತ್ತಿದ್ದ. ಅವನ ಫೋನು ಇಸಿದುಕೊಂಡು, ಅದರಲ್ಲಿ ಉಳಿದಿದ್ದ ಮಸುಕು ವಿಡಿಯೊ ಹಾಕಿದಳು. ಬೂದುಬಣ್ಣದ ಹೊಳೆ ಹರಿಯಿತು, ಜಾಲಿಮರವನ್ನು ಸುತ್ತುವರಿಯಿತು. ಅವಳು ಮತ್ತೊಮ್ಮೆ ನೋಡಿದಳು. ಮಗದೊಮ್ಮೆ.

"ಎಷ್ಟು ಚೆನ್ನಾಗಿದೆ" ಎಂದಳು ಮೆಲ್ಲಗೆ. ಆಮೇಲೆ ಕಣ್ಣು ತುಂಬಿಕೊಂಡು, "ತರೀಕೆರೆ ಅಂಕಲ್‌ಗೆ ಆಗಲ್ಲ ಅಂತ ಫೋನ್ ಮಾಡ್ತೀನಿ" ಎಂದು ನಂಬರು ಹುಡುಕತೊಡಗಿದಳು.

ಅದು ಓಂಕಾರೇಶನಿಗೆ ಎಲ್ಲಕ್ಕಿಂತ ಜೋರಾಗಿ ತಾಗಿತು. ಅವನು ದರದಲ್ಲಿ ಜಗ್ಗಾಡಿದವನೇ ಹೊರತು ಒಪ್ಪಿಕೊಂಡ ಸರಕು ಕಳಿಸದೆ ಬಿಟ್ಟವನಲ್ಲ. ಮಗಳ ಮೊದಲ ಮಾತೇ ತನ್ನಿಂದ ಮುರಿಯುವುದೆ?

"ಇಡಮ್ಮಾ ಫೋನು! ಮೇಲಿಂದ ತೆಗೀಬೇಕು, ಅಷ್ಟೇ ತಾನೆ? ಪಾಷಾ, ಕಾಯಿ ಕೀಳೋ ದೋಟಿ ತಗೊಂಡ್ ಬಾ!"

ಭಾನುವಾರ ಬೆಳಗ್ಗೆ ನಾನು ಬಾಗಿಲಲ್ಲಿ ನಿಂತು ಡ್ರೋನಿಗಾಗಿ ಕಾಯುತ್ತಿದ್ದರೆ, ಲಗೇಜ್ ಆಟೊದಿಂದ ಇಳಿದದ್ದು ಒಂದು ಭಾರಿ ಉದ್ದದ ಬಿದಿರ ದೋಟಿ. ಅದರ ತುದಿಯಲ್ಲಿ ಕುಡುಗೋಲು ಇರಬೇಕಾದ ಜಾಗದಲ್ಲಿ ಕೃತಿಕಾಳ ಫೋನನ್ನು ಗೋಣಿದಾರದಿಂದ ಬಿಗಿಯಲಾಗಿತ್ತು. ಕೃತಿಕಾ ನನ್ನ ಮುಂದೆ ಬಂದು, ಸುತ್ತುಬಳಸದೆ, "ಡ್ರೋನ್ ಕಳೆದುಹೋಯ್ತು ಅಂಕಲ್. ಇವತ್ತು ಅಪ್ಪಾನೇ ಡ್ರೋನು" ಎಂದಳು. ನಾನು ಆ ಡ್ರೋನನ್ನು ನೋಡಿದೆ. ಪಂಚೆ ಎತ್ತಿ ಕಟ್ಟಿ ಸಿದ್ಧವಾಗಿ ನಿಂತಿತ್ತು.

ಬಂದ ನೆಂಟರು ಹೋಮದ ಕಡೆ ಬೆನ್ನು ಹಾಕಿ ಇತ್ತ ನೋಡತೊಡಗಿದರು. ಓಂಕಾರೇಶ ಏಣಿಯಿಂದ ತಾರಸಿಗೆ, ತಾರಸಿಯಿಂದ ನೀರಿನ ಟ್ಯಾಂಕಿನ ಕಟ್ಟೆಗೆ ಏರಿದ. ಹಿಂದಿನಿಂದ ಮುನೀರ್ ಪಾಷಾ ಅವನ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದಿದ್ದ. ದೋಟಿ ಅಂಗಳದ ಮೇಲೆ ಆಕಾಶದಲ್ಲಿ ಚಾಚಿಕೊಂಡಿತು. ಓಂಕಾರೇಶನ ಬೆವರು ಧಾರೆಯಾಗಿ ಇಳಿಯುತ್ತಿತ್ತು.

"ಎಡಕ್ಕೆ ಅಪ್ಪಾ. ನಿಧಾನ. ಇನ್ನೂ ಮುಂದಕ್ಕೆ!"

"ಇದಕ್ಕಿಂತ ಆಗಲ್ಲಮ್ಮಾ!"

"ಹಂಗಂದೋರ ಹತ್ರ ಇನ್ನೂ ಜಾಗ ಇರತ್ತೆ ಅಂತ ನೀವೇ ಹೇಳಿದ್ದು!"

"ಪಾಷಾ, ಹಗ್ಗ ಬಿಡೋ!"

"ಎಷ್ಟು ಬಿಡ್ಲಿ ಅಣ್ಣಾ? ಮೂರಾ, ಐದಾ?"

ಇಷ್ಟರಲ್ಲಿ ಗದ್ದಲ ಕೇಳಿ ನನ್ನ ಅವ್ವ ಕಲ್ಲಮ್ಮ ಅಂಗಳಕ್ಕೆ ಬಂದಳು. ಅವ್ವನಿಗೆ ಎಂಬತ್ತರ ಹತ್ತಿರ. ಕ್ಯಾಮೆರಾ ಕಂಡರೆ ಅವಳ ಮುಖ ಬೀಗ ಹಾಕಿಕೊಳ್ಳುತ್ತದೆ. ನನ್ನ ಮದುವೆಯ ಫೋಟೊದಿಂದ ಹಿಡಿದು ಆಧಾರ್ ಕಾರ್ಡಿನವರೆಗೂ ಒಂದೇ ಮುಖ, ಯಾರನ್ನೋ ಒಳಗೆ ಬಿಡಲೊಲ್ಲದ ಮುಖ. ಎಷ್ಟು ಜನ ಫೋಟೊದವರು "ಅಜ್ಜಿ, ಸ್ವಲ್ಪ ನಗಿ" ಎಂದು ಸೋತು ಹೋಗಿದ್ದಾರೋ! ಅವ್ವ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು.

"ಲೇ ರೇವಣ, ಅದ್ಯಾರೋ ಟ್ಯಾಂಕಿನ ಮೇಲೆ?"

"ಕಡೂರಿನ ಕೊಬ್ಬರಿ ಓಂಕಾರೇಶ ಕಣವ್ವ."

"ಮರಾನೇ ಇಲ್ದಿರೋ ಮನೇಲಿ ಕಾಯಿ ಕೀಳಕ್ಕೆ ಬಂದವ್ನಾ?"

ಆ ಹೊತ್ತಿಗೆ ಸರಿಯಾಗಿ ಮೇಲಿನಿಂದ ಓಂಕಾರೇಶ, "ಅಮ್ಮಾ, ಅಡ್ಡ ಸರ್ಕಳಿ, ನಾನೇ ಉದುರ್ತಾ ಇದೀನಿ!" ಎಂದು ಕೂಗಿದ. ಅವ್ವ ನಕ್ಕಳು. ಬಾಯಿಗೆ ಕೈ ಅಡ್ಡ ತರುವುದನ್ನೂ ಮರೆತು, ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು, ಆಕಾಶಕ್ಕೆ ಮುಖ ಮಾಡಿ ನಕ್ಕಳು. ಅವಳ ಸುತ್ತ ನಿಂತ ನೆಂಟರೆಲ್ಲ ನಕ್ಕರು. ಮೇಲೆ ಮುನೀರ್ ಹಗ್ಗ ಜಗ್ಗಿ ಓಂಕಾರೇಶನನ್ನು ಉದುರದಂತೆ ಉಳಿಸಿಕೊಂಡ. ಅವ್ವ ಹಾಗೆ ನಗಬಲ್ಲಳೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಅವಳನ್ನೇ ನೋಡುತ್ತ, ಅತಿಥಿಗಳಿಗೆ ಕೊಡಬೇಕಾದ ಪಾನಕದ ಲೋಟ ಹಿಡಿದು ಸುಮ್ಮನೆ ನಿಂತುಬಿಟ್ಟೆ.

ಮಾರನೆಯ ದಿನದಿಂದ ಅವ್ವ ಮತ್ತೆ ಬೀಗ ಹಾಕಿಕೊಂಡಿದ್ದಾಳೆ. ಕೃತಿಕಾ ಕಳಿಸಿದ ವಿಡಿಯೊದಲ್ಲಿ ಮನೆ ಅರ್ಧ ಮಾತ್ರ ಕಾಣುತ್ತದೆ, ಚಪ್ಪರ ಓರೆಯಾಗಿದೆ, ಒಂದು ಮೂಲೆಯಲ್ಲಿ ಮುನೀರ್ ಪಾಷಾನ ಹಗ್ಗ ತೂಗಾಡುತ್ತದೆ. ನಟ್ಟನಡುವೆ ಅವ್ವ ನಗುತ್ತಿದ್ದಾಳೆ. ನನ್ನ ಅವ್ವನ ಆ ನಗುವಿಗಾಗಿ ನಾನು ಓಂಕಾರೇಶನಿಗೆ ಋಣಿ.