ಮೈಸೂರುಪಾಕು ಗೆದ್ದ ಕಬಡ್ಡಿ ಮೇಷ್ಟ್ರು

ಎಪ್ಪತ್ತರ ದಶಕದಲ್ಲಿ ನಾನು ರಾಜಾಜಿನಗರದ ಒಂದು ಕಾಲೇಜಿನ ಕಬಡ್ಡಿ ತಂಡದ ತರಬೇತುದಾರನಾಗಿದ್ದೆ. ಆಟಗಾರರಾಗಲಿ ತರಬೇತುದಾರರಾಗಲಿ ಪಂದ್ಯದ ಮೇಲೆ ಬಾಜಿ ಕಟ್ಟಕೂಡದು, ಒಂದು ಲೋಟ ಕಾಫಿಯ ಬಾಜಿಯೂ ಸಲ್ಲದು ಎಂಬ ನಿಯಮ ಬರೆದವನು ನಾನೇ. ಹುಡುಗರನ್ನು ಸಾಲಾಗಿ ನಿಲ್ಲಿಸಿ ಅದನ್ನು ಎರಡು ಸಲ ಓದಿ ಹೇಳಿದ್ದೆ.

ಫೈನಲ್‌ಗೆ ಎರಡು ದಿನ ಮುಂಚೆ ಕ್ಯಾಂಟೀನಿನ ಶಾಮಣ್ಣ ಕೇಳಿದರು, "ಕಪ್ ನಮ್ದೇ ಅಲ್ವಾ ಸಾರ್?"

ಗೆಲ್ಲುತ್ತೇವೆ ಎಂದರೆ ದೃಷ್ಟಿಯಾಗುತ್ತದೆಂಬ ಭಯ ನನಗೆ. "ಎಲ್ಲಿ ಶಾಮಣ್ಣ, ಸೋಲ್ತೀವಿ," ಎಂದೆ.

"ಇಲ್ಲ ಸಾರ್, ಗೆದ್ದೇ ಗೆಲ್ತೀವಿ. ಒಂದು ಕೆಜಿ ಮೈಸೂರುಪಾಕು ಬಾಜಿ."

"ಆಯ್ತು ಬಿಡಿ," ಎಂದು ಕಾಫಿ ಮುಗಿಸಿ ಎದ್ದೆ. ಅದು ನಿಜವಾದ ಬಾಜಿಯೆಂದು ನನಗೆ ಹೊಳೆಯಲೇ ಇಲ್ಲ. ಶಾಮಣ್ಣನವರಿಗೆ ಹೊಳೆದಿತ್ತು.

ಫೈನಲ್ ನಡೆದದ್ದು ವಿಜಯನಗರದ ಮೈದಾನದಲ್ಲಿ. ಇನ್ನು ಐದೇ ನಿಮಿಷ, ನಾವು ಎರಡು ಅಂಕ ಮುಂದಿದ್ದೆವು. ಅಷ್ಟರಲ್ಲಿ ನಮ್ಮ ನಾಯಕ ರಂಗನಾಥ ಬಿದ್ದ. ಎದ್ದವನು ಬಲಗಾಲು ಎಳೆಯುತ್ತಿದ್ದ. ಹೊರಗೆ ಕರೆದೆ.

"ಏನೂ ಆಗಿಲ್ಲ ಸಾರ್, ಆಡ್ತೀನಿ."

"ಕಾಲು ಹಾಳ್ಮಾಡ್ಕೋತೀಯ ಕಣೋ. ಕೂತ್ಕೋ."

ಅವನ ಬದಲಿಗೆ ಇನ್ನೊಬ್ಬ ಇಳಿದ. ನಾವು ಒಂದು ಅಂಕದಿಂದ ಸೋತೆವು.

ಹುಡುಗರು ತಲೆ ತಗ್ಗಿಸಿ ಕೂತಿದ್ದಾಗ ಶಾಮಣ್ಣ ಬಂದರು. ಮಾತಿಗೆ ತಪ್ಪುವ ಮನುಷ್ಯರಲ್ಲ. ಪಕ್ಕದ ಅಂಗಡಿಯಿಂದ ತಂದ ತುಪ್ಪ ಜಿನುಗುವ ಪೊಟ್ಟಣವನ್ನು ಎಲ್ಲರೆದುರು ನನ್ನ ಕೈಗಿಟ್ಟು, "ತಗೊಳ್ಳಿ ಸಾರ್. ಸೋಲ್ತೀವಿ ಅಂತ ಬಾಜಿ ಕಟ್ಟಿದ್ರಿ, ನೀವೇ ಗೆದ್ರಿ," ಎಂದರು.

ರಂಗನಾಥ ಪೊಟ್ಟಣ ನೋಡಿದ, ನನ್ನನ್ನು ನೋಡಿದ. "ಅದಕ್ಕೇನಾ ಸಾರ್ ನನ್ನ ಹೊರಗೆ ಕರೆದಿದ್ದು?"

ನಾನು ದೃಷ್ಟಿಯ ವಿಷಯ ಹೇಳಿದೆ. ಹೇಳಿದ್ದೆಲ್ಲ ನಿಜ. ನನ್ನ ಕಿವಿಗೇ ಅದು ಸುಳ್ಳಿನಂತೆ ಕೇಳಿಸಿತು.

ಮರುದಿನ ನಾನಾಗಿಯೇ ಹೋಗಿ ಪ್ರಿನ್ಸಿಪಾಲರ ಮುಂದೆ ತಪ್ಪೊಪ್ಪಿಕೊಂಡೆ. ಅವರು ನಾನು ಬರೆದ ನಿಯಮವನ್ನು ನನಗೇ ಓದಿ ಹೇಳಿದರು. ಒಂದು ವರ್ಷ ತಂಡದ ಹತ್ತಿರ ಸುಳಿಯಕೂಡದೆಂದು ಆಜ್ಞೆಯಾಯಿತು. ನಾನು ತಕರಾರು ಮಾಡಲಿಲ್ಲ. ಆದರೆ ಆ ಹುಡುಗ ಕೇಳಿದ ಮಾತು ಮಾತ್ರ ಊಟ ಸೇರಗೊಡಲಿಲ್ಲ.

ಮೂರನೆಯ ದಿನ ಸಂಜೆ ರಂಗನಾಥ ತನ್ನ ಅಣ್ಣನ ಹೆಗಲು ಹಿಡಿದು ಕುಂಟುತ್ತಾ ನಮ್ಮ ಮನೆಗೆ ಬಂದ. ಮೊಣಕಾಲು ಕುಂಬಳಕಾಯಿಯಂತೆ ಊದಿತ್ತು.

"ಆರು ವಾರ ಆಡೋ ಹಾಗಿಲ್ಲ ಅಂದ್ರು ಡಾಕ್ಟ್ರು. ಅವತ್ತು ಇನ್ನೈದು ನಿಮಿಷ ಆಡಿದ್ರೆ ಕಾಲೇ ಹೋಗ್ತಿತ್ತಂತೆ. ನಿಮ್ಮನ್ನ ತಪ್ಪು ತಿಳ್ಕೊಂಡೆ ಸಾರ್."

ನನ್ನ ಮುಖ ಅರಳಿಬಿಟ್ಟಿತು. ಕಾಫಿ ತಂದ ನನ್ನ ಹೆಂಡತಿ ಕಮಲ ಬಾಗಿಲಲ್ಲೇ ನಿಂತಳು. "ಏನ್ರೀ ಇದು, ಹುಡುಗ ಕಾಲು ನೋವು ಅಂತಿದಾನೆ, ನೀವು ನಗ್ತಾ ಇದೀರಲ್ಲ?"

ಶಿಷ್ಯನ ಮೊಣಕಾಲು ಊದಿದ್ದಕ್ಕೆ ಅಷ್ಟು ಹಿಗ್ಗಿದ ಮೇಷ್ಟ್ರು ಇಡೀ ಬೆಂಗಳೂರಿನಲ್ಲಿ ಇನ್ನೊಬ್ಬ ಇರಲಾರ.